ಸೈಟ್ ಬಿಳಿ ಪುಟವಾದಾಗ: ಬ್ಯಾಕಪ್ಪಾ, ಡೀಬಗ್ ಲಾಗಾ?

ಅಪ್‌ಡೇಟ್ ಆದ ಮೇಲೆ ವರ್ಡ್‌ಪ್ರೆಸ್ ಸೈಟ್ ಬರೀ ಬಿಳಿ ಪುಟ ತೋರಿಸುತ್ತಿದೆಯಾ? ಮೊದಲೇ ತೆಗೆದಿಟ್ಟ ಬ್ಯಾಕಪ್ ವಾಪಸ್ ಹಾಕಿದರೆ ಬೇಗ ಎದ್ದು ನಿಲ್ಲುತ್ತದೆ. ಆದರೆ ಡೇಟಾಬೇಸನ್ನೂ ಹಿಂದಕ್ಕೆ ತಂದರೆ, ಬ್ಯಾಕಪ್ ತೆಗೆದ ಮೇಲೆ ಬಂದ ಆರ್ಡರ್, ಕಾಮೆಂಟ್ ಎಲ್ಲ ಹೋಗುತ್ತವೆ. ಕಾರಣವೂ ಗೊತ್ತಾಗುವುದಿಲ್ಲ. ಮುಂದಿನ ಅಪ್‌ಡೇಟ್‌ಗೆ ಮತ್ತೆ ಅದೇ ಗೋಳು, ಅಲ್ವಾ?

ಡೀಬಗ್ ಲಾಗ್, ಅಂದರೆ ಸೈಟಿನ ಎರರ್‌ಗಳನ್ನು ಬರೆದಿಡುವ ಫೈಲ್, ಸ್ವಲ್ಪ ಜಾಸ್ತಿ ತಾಳ್ಮೆ ಕೇಳುತ್ತದೆ. ಸೈಟಿನ ಸೆಟ್ಟಿಂಗ್ ಇರುವ ಡಬ್ಲ್ಯೂಪಿ-ಕಾನ್ಫಿಗ್ (wp-config.php) ಫೈಲಿನಲ್ಲಿ ಡೀಬಗ್ (WP_DEBUG), ಡೀಬಗ್ ಲಾಗ್ (WP_DEBUG_LOG) ಎರಡನ್ನೂ ಆನ್ ಮಾಡಿ, ಪುಟ ರಿಫ್ರೆಶ್ ಮಾಡಿ. ಲಾಗ್ ಫೈಲಿನ 'ಫೇಟಲ್ ಎರರ್' ಸಾಲಿನಲ್ಲಿ ಎರರ್ ಬಂದ ಫೈಲಿನ ದಾರಿ ಇರುತ್ತದೆ. ತಪ್ಪು ಪ್ಲಗಿನ್‌ನದ್ದಾದರೆ (ಸೈಟಿಗೆ ಸೇರಿಸುವ ಹೆಚ್ಚುವರಿ ಸಾಫ್ಟ್‌ವೇರ್) ಅದರ ಹೆಸರು ಅಲ್ಲೇ ಸಿಗುತ್ತದೆ. ಆ ಪ್ಲಗಿನ್ ಫೋಲ್ಡರಿನ ಹೆಸರು ಬದಲಿಸಿದರೆ ಸಾಕು, ಪ್ಲಗಿನ್ ನಿಲ್ಲುತ್ತದೆ. ಡೇಟಾ ಹಾಗೇ ಇರುತ್ತದೆ.

ನನ್ನ ಮಟ್ಟಿಗೆ ಮೊದಲು ಲಾಗ್. ಸೈಟ್ ಹ್ಯಾಕ್ ಆಗಿದ್ದರೆ ಮಾತ್ರ ಹಳೆಯ, ಶುದ್ಧ ಬ್ಯಾಕಪ್. ಕೆಲಸ ಮುಗಿದ ಮೇಲೆ ಡೀಬಗ್ ಆಫ್ ಮಾಡಿ, ಲಾಗ್ ಅಳಿಸಿ. ಇಲ್ಲದಿದ್ದರೆ ಹೊರಗಿನವರೂ ಅದನ್ನು ಓದಬಹುದು.