ಉಚಿತ ಕಾನೂನು ನೆರವು: ವಕೀಲರು ಸಿಗುತ್ತಾರೆ, ಸಮಯ ಸಿಗುವುದೇ?

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಬಾಗಿಲು ಸುಲಭವಾಗಿಯೇ ತೆರೆಯುತ್ತದೆ. ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ಜೈಲಿನಿಂದಲೇ ಅರ್ಜಿ ಕೊಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲ. ಇಷ್ಟಕ್ಕೆ ಪೂರ್ತಿ ಅಂಕ.

ಎಡವಟ್ಟಾಗುವುದು ಆಮೇಲೆ. ಕಡತ ಕೈಗೆ ಬಂದ ದಿನವೇ ದೋಷಾರೋಪ ಹೊರಿಸಿದರೆ ವಕೀಲರು ಏನು ಓದಿಯಾರು? ಮಧ್ಯಪ್ರದೇಶದ ಖಂಡ್ವಾದ ಅನೋಖಿಲಾಲ್ ಪ್ರಕರಣದಲ್ಲಿ ಆದದ್ದು ಅದೇ. ಎರಡು ವಾರದೊಳಗೆ ವಿಚಾರಣೆ ಮುಗಿದು ಗಲ್ಲು ಶಿಕ್ಷೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿ, ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆಯಿದ್ದರೆ ಕನಿಷ್ಠ 10 ವರ್ಷ ಅನುಭವದ ವಕೀಲರು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಎಂದಿತು. ಕೇಳದಿದ್ದರೂ ಸಿಗಬೇಕಾದ ಸೌಲಭ್ಯವಿದು, ಸಿಗದಿದ್ದರೆ ಕೇಳಿ.

ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ನಡೆಯದಿದ್ದರೆ ಸಾಕ್ಷಿಯ ಮಾತು ಹಾಗೇ ಉಳಿದುಬಿಡುತ್ತದೆ. ಮೇಲ್ಮನವಿಯಲ್ಲಿ ಅದನ್ನು ಸರಿಪಡಿಸುವುದು ಹರಸಾಹಸ. ಆದ್ದರಿಂದ ಆರೋಪಪಟ್ಟಿಯ ಪೂರ್ಣ ಪ್ರತಿ ಪಡೆಯಿರಿ, ಸಾಕ್ಷಿಗಳ ಹೇಳಿಕೆಯಲ್ಲಿನ ವಿರೋಧಾಭಾಸ ಗುರುತಿಸಿ ವಕೀಲರಿಗೆ ಕೊಡಿ. ಶಿಕ್ಷೆಯ ಪ್ರಮಾಣದ ವಾದಕ್ಕಂತೂ ಬಹಳ ಸಲ 'ಬಡವ, ಮಕ್ಕಳೊಂದಿಗ' ಎಂಬ ಒಂದೇ ಸಾಲು! ಶಾಲಾ ದಾಖಲೆ, ಮನೋವೈದ್ಯರ ವರದಿ, ಜೈಲಿನ ನಡತೆ ಪ್ರಮಾಣಪತ್ರ ಮೊದಲೇ ಜೋಡಿಸಿಡಿ. ವಕೀಲರು ಗೈರಾಗುತ್ತಿದ್ದರೆ ಬದಲಾವಣೆ ಕೋರಿ ಪ್ರಾಧಿಕಾರದ ಕಾರ್ಯದರ್ಶಿಗೆ ಲಿಖಿತ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.