ಮಗುವಿರುವ ಮನೆಗೆ 20 ಲೀಟರ್ ಸೋಲೋ ಮೈಕ್ರೋವೇವ್: ಅನ್ನ ಸಾರಿಗೆ ಸೈ, ಹಾಲಿನ ಬಾಟಲಿಗೆ ಬೇಡ

ತುಮಕೂರಿನ ಎಂ.ಜಿ. ರಸ್ತೆಯಲ್ಲಾಗಲಿ, ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಾಗಲಿ, ಮೈಕ್ರೋವೇವ್ ತೋರಿಸುವವರು ಗ್ರಿಲ್ಲು, ಕೇಕು ಅಂತ ಶುರು ಮಾಡುತ್ತಾರೆ. ಬಾಣಂತಿ ಇರುವ ಮನೆಯವರ ಪ್ರಶ್ನೆಯೇ ಬೇರೆ: ‘ಕಿರಣ ಮಗೂಗೆ ತಾಗಲ್ವಾ?’ ಈ ವಿಮರ್ಶೆ ಒಂದು ಬ್ರ್ಯಾಂಡಿನದಲ್ಲ. ಐದಾರು ಸಾವಿರ ರೂಪಾಯಿಯಿಂದ ಸಿಗುವ, ಎರಡು ತಿರುಗುಣಿ ಇರುವ 20 ಲೀಟರ್ ಸೋಲೋ, ಅಂದರೆ ಗ್ರಿಲ್ಲು ಇಲ್ಲದ ಮಾದರಿಯದು. ಜೊತೆಗೆ ಅದರೊಳಗಿಟ್ಟು ಬಾಟಲಿ ಶುದ್ಧ ಮಾಡುವ ಪ್ಲಾಸ್ಟಿಕ್ ಆವಿ ಡಬ್ಬಿಯದು.

ಕಿರಣದ ವಿಷಯ ಬೇಗ ಮುಗಿಯುತ್ತದೆ. ಒಳಗಿನ ಮ್ಯಾಗ್ನೆಟ್ರಾನ್ ಹೊರಡಿಸುವುದು 2450 ಮೆಗಾಹರ್ಟ್ಸ್ ಅಲೆ. ಇದು ಎಕ್ಸ್‌ರೇ ಜಾತಿಯದಲ್ಲ, ರೇಡಿಯೋ ಅಲೆಯ ಕಡೆಯದು. ಊಟದಲ್ಲಿರುವ ನೀರಿನ ಕಣಗಳನ್ನು ಅಲುಗಾಡಿಸಿ ಬಿಸಿ ಮಾಡುತ್ತದೆ, ಯಂತ್ರ ನಿಂತ ಕ್ಷಣ ಅಲೆಯೂ ನಿಲ್ಲುತ್ತದೆ, ಅನ್ನದಲ್ಲಿ ಏನೂ ಉಳಿಯುವುದಿಲ್ಲ. ಬಾಗಿಲಿನಿಂದ 5 ಸೆಂಟಿಮೀಟರ್ ದೂರದಲ್ಲಿ ಸೋರಿಕೆ ಚದರ ಮೀಟರಿಗೆ 50 ವ್ಯಾಟ್ ಮೀರಬಾರದು ಎಂಬುದು ಮಿತಿ. ತೋಳಿನಷ್ಟು ದೂರ ಹೋದರೆ ಅದೂ ಎಷ್ಟೋ ಪಾಲು ಇಳಿದಿರುತ್ತದೆ. ಕೊಳ್ಳುವಾಗ ಹಿಂಬದಿಯ ಸ್ಟಿಕ್ಕರಿನಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇದೆಯೇ ನೋಡಿ. ‘ಆರ್’ ಅಕ್ಷರದಿಂದ ಶುರುವಾಗುತ್ತದೆ. ಒಳಗೆ ಮೊಬೈಲ್ ಇಟ್ಟು ರಿಂಗ್ ಆಗುತ್ತಾ ಅಂತ ನೋಡುವ ಪರೀಕ್ಷೆ ಬಿಡಿ. ಮೊಬೈಲಿಗೆ ಎಳೆಯಷ್ಟು ಸಿಗ್ನಲ್ ಸಾಕು, ಸರಿಯಾಗಿರುವ ಓವನ್ನಿನಲ್ಲೂ ಅದು ಹೊಡೆದುಕೊಳ್ಳುತ್ತದೆ.

ಭಯ ಪಡಬೇಕಾದ ಜಾಗ ಬೇರೆ: ಬಿಸಿ ಒಂದೇ ಸಮ ಹರಡುವುದಿಲ್ಲ. ಈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆಯಿಂದ ಗೋಡೆಗೆ ಬಡಿದು ತಿರುಗುವಾಗ ಕೆಲವು ಕಡೆ ಒಟ್ಟುಗೂಡುತ್ತದೆ, ಕೆಲವು ಕಡೆ ಬತ್ತುತ್ತದೆ. ತಟ್ಟೆ ತಿರುಗುವುದು ಅದಕ್ಕೇ, ಆದರೂ ಪೂರ್ತಿ ಸರಿಹೋಗುವುದಿಲ್ಲ. ಹಾಲಿನ ಬಾಟಲಿಯಲ್ಲಿ ಇದರ ಮೇಲೆ ಇನ್ನೊಂದು ತೊಂದರೆ ಸೇರುತ್ತದೆ. ಬಿಸಿಯಾದ ಹಾಲು ಮೇಲೇರಿ ನಿಪ್ಪಲ್ ಕಡೆಗೇ ನಿಲ್ಲುತ್ತದೆ, ತಳದ್ದು ತಣ್ಣಗೇ ಇರುತ್ತದೆ. ಅಲೆಗೆ ಬಿಸಿಯಾಗುವುದು ಹಾಲು, ಬಾಟಲಿಯಲ್ಲ; ಹಾಗಾಗಿ ಹೊರಗೆ ಮುಟ್ಟಿದರೆ ಉಗುರುಬೆಚ್ಚಗೆ, ಒಳಗೆ ಮೊದಲ ಗುಟುಕು ನಾಲಿಗೆ ಸುಡುವಷ್ಟು. ಮುಚ್ಚಳ ಬಿಗಿಯಾಗಿದ್ದರೆ ಆವಿ ಕಟ್ಟಿಕೊಂಡು ಚಿಮ್ಮುವುದೂ ಉಂಟು. ತಾಯಿಹಾಲು ಅತಿಯಾಗಿ ಕಾದರೆ ಸೋಂಕು ತಡೆಯುವ ಅದರ ಸತ್ವ ಕುಂದುತ್ತದೆ. ‘ಹತ್ತೇ ಸೆಕೆಂಡು ಇಡ್ತೀವಿ’ ಎನ್ನುವವರಿಗೂ ಉತ್ತರ ಇದೇ: ಬೇಡ.

ಬದಲಿಗೆ ಒಂದು ಲೋಟದಲ್ಲಿ ಕೈ ತಾಳುವಷ್ಟು ಬಿಸಿನೀರು ಹಾಕಿ, ಬಾಟಲಿಯನ್ನು ಕುತ್ತಿಗೆಯವರೆಗೆ ಇಳಿಸಿ 5ರಿಂದ 10 ನಿಮಿಷ ಬಿಡಿ. ಮೆಲ್ಲಗೆ ಸುತ್ತಿಸಿ ಬೆರೆಸಿ, ಮಣಿಕಟ್ಟಿನ ಒಳಬದಿಗೆ ಎರಡು ಹನಿ ಬಿಟ್ಟು ನೋಡಿ. ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನಿಸಬೇಕು. ಹಿಂಡಿಟ್ಟ ತಾಯಿಹಾಲಿಗೆ ಕೊಡುವ 4 ಗಂಟೆಯ ಲೆಕ್ಕ 25 ಡಿಗ್ರಿ ಮೀರದ ಕೋಣೆಗೆ. ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಅದು ಸಲ್ಲದು, ನೇರ ಫ್ರಿಜ್ಜಿಗೆ ಹೋಗಲಿ. ಅಲ್ಲಿ 4 ದಿನದವರೆಗೆ ಸರಿ. ಪುಡಿ ಹಾಲು ಕೊಡಲೇಬೇಕಾದರೆ 70 ಡಿಗ್ರಿಗೆ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ, ಕೂಡಲೇ ಆರಿಸಿ, 2 ಗಂಟೆಯೊಳಗೆ ಕುಡಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಪುಡಿಯಲ್ಲೇ ಇರಬಹುದಾದ ಸೂಕ್ಷ್ಮಾಣು ಸಾಯಬೇಕಲ್ಲ. ಆ ನೀರನ್ನೂ ಒಲೆಯ ಮೇಲೇ ಕುದಿಸಿ. ನುಣುಪಾದ ಗಾಜಿನ ಲೋಟದಲ್ಲಿ ಮೈಕ್ರೋವೇವ್ ಮಾಡಿದ ನೀರು ಕುದಿಯದೆಯೇ 100 ಡಿಗ್ರಿ ದಾಟಿ, ಚಮಚ ಮುಟ್ಟಿಸಿದೊಡನೆ ಉಕ್ಕಿ ಕೈ ಸುಡಬಹುದು.

ಇನ್ನು ಆವಿ ಡಬ್ಬಿ. ಇದು ನಿಜಕ್ಕೂ ಕೆಲಸಕ್ಕೆ ಬರುವ ವಸ್ತು, ಆದರೆ ಮೂರು ಕಡೆ ಎಡವುತ್ತದೆ. ಮೊದಲನೆಯದು ಅಳತೆ. ಡಬ್ಬಿಗಳಲ್ಲಿ ಕೆಲವು 28 ಸೆಂಟಿಮೀಟರ್ ಅಗಲ ಇರುತ್ತವೆ. 20 ಲೀಟರ್ ಓವನ್ನಿನ ಗಾಜಿನ ತಟ್ಟೆ ಸುಮಾರು 25. ಗೋಡೆಗೆ ತಗುಲಿ ಡಬ್ಬಿ ತಿರುಗದಿದ್ದರೆ ಒಂದು ಬದಿಯ ಬಾಟಲಿಗೆ ಆವಿ ಸಾಲದೆ ಹೋಗಬಹುದು. ಟೇಪ್ ಹಿಡಿದೇ ಕೊಳ್ಳಿ. ಎರಡನೆಯದು ವ್ಯಾಟ್. ಡಬ್ಬಿಯ ಮೇಲಿನ ಪಟ್ಟಿಯಲ್ಲಿ 700–800 ವ್ಯಾಟಿಗೆ 6 ನಿಮಿಷ ಎಂದಿದ್ದರೆ, ಆ ವ್ಯಾಟ್ ನಿಮ್ಮ ಮನೆಯಲ್ಲಿ ನಿಜವಾಗಿ ಸಿಗುತ್ತಿದೆಯೇ ತಿಳಿಯಬೇಕು. ಸಂಜೆ ಬೆಸ್ಕಾಂ ಲೈನಿನಲ್ಲಿ ವೋಲ್ಟೇಜ್ 190ಕ್ಕೆ ಇಳಿದರೆ ದೀಪ ಉರಿಯುತ್ತದೆ, ತಟ್ಟೆ ತಿರುಗುತ್ತದೆ, ಶಾಖ ಮಾತ್ರ ಬಹಳ ಕಡಿಮೆ. ಪರೀಕ್ಷೆ ಸುಲಭ. ಗಾಜಿನ ಬೋಗುಣಿಯಲ್ಲಿ ಸರಿಯಾಗಿ 1 ಲೀಟರ್ ನೀರು ಹಾಕಿ ಥರ್ಮಾಮೀಟರಿನಲ್ಲಿ ಶಾಖ ನೋಡಿ, ಫುಲ್ ಪವರಿನಲ್ಲಿ 1 ನಿಮಿಷ ಇಟ್ಟು, ಕಲಕಿ, ಮತ್ತೆ ನೋಡಿ. ಏರಿದ ಡಿಗ್ರಿಯನ್ನು 70ರಿಂದ ಗುಣಿಸಿದರೆ ವ್ಯಾಟ್. 10 ಡಿಗ್ರಿ ಏರಿದರೆ 700. 7 ಡಿಗ್ರಿ ಮಾತ್ರ ಏರಿದರೆ 490, ಅಂದರೆ 6 ನಿಮಿಷದ ಆವಿ ಸಾಲದು. ಆಗ ಡಬ್ಬಿ ಬಿಟ್ಟು ದೊಡ್ಡ ಪಾತ್ರೆಯಲ್ಲಿ ಬಾಟಲಿ ಮುಳುಗಿಸಿ, ನೀರು ಕುದಿ ಬಂದ ಮೇಲೆ 10 ನಿಮಿಷ ಕುದಿಸಿ. ಕರೆಂಟು ಹೋದಾಗ ಮನೆಯ ಸಾಮಾನ್ಯ ಇನ್ವರ್ಟರಿಗೆ ಹಾಕಲು ಹೋಗಬೇಡಿ. ಊಟಕ್ಕೆ ಸೇರುವುದು 700 ವ್ಯಾಟ್ ಆದರೂ ಓವನ್ ಲೈನಿನಿಂದ ಎಳೆಯುವುದು 1100–1200 ವ್ಯಾಟ್, ಅರ್ತಿಂಗ್ ಇರುವ 16 ಆಂಪ್ ಸಾಕೆಟ್ಟೇ ಬೇಕು.

ಮೂರನೆಯದು ನೀರು. ನಮ್ಮ ಬೋರ್‌ವೆಲ್ ನೀರು ಹಾಕಿದರೆ ವಾರದಲ್ಲೇ ಡಬ್ಬಿಯ ತಳಕ್ಕೆ, ನಿಪ್ಪಲಿನ ರಂಧ್ರಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು 200 ಮಿಲಿಲೀಟರ್ ಅಥವಾ ಡಬ್ಬಿ ಹೇಳಿದಷ್ಟು ಹಾಕಿ. ಪೊರೆ ಕಟ್ಟಿದ್ದರೆ ಬಿಸಿನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿ ಅರ್ಧ ಗಂಟೆ ನೆನೆಸಿ ತೊಳೆದರೆ ಬಿಡುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇನ್ನೊಂದು ಮಾತು: ಅಲ್ಲಿನ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಬಾಟಲಿಯನ್ನು ಬಿಡಿಬಿಡಿಯಾಗಿ ಕಳಚಿ, ಬ್ರಷ್ಷಿನಲ್ಲಿ ಹಾಲಿನ ಜಿಡ್ಡು ತೆಗೆದು, ಬಾಯಿ ಕೆಳಗೆ ಮಾಡಿ ಜೋಡಿಸಬೇಕು. ಜಿಡ್ಡಿನ ಮೇಲೆ ಆವಿ ಹಾಯಿಸಿದರೆ ಪ್ರಯೋಜನವಿಲ್ಲ. ನಿಂತ ಮೇಲೆ 2 ನಿಮಿಷ ಬಿಟ್ಟು, ಮುಖದಿಂದ ದೂರಕ್ಕೆ ಮುಚ್ಚಳ ತೆಗೆಯಿರಿ. ಒಳಲೆಯಲ್ಲಿ ಕುಡಿಸುವ ಮನೆಗೆ ಈ ಡಬ್ಬಿಯೇ ಬೇಕಿಲ್ಲ. ಒಳಲೆಗೆ ರಂಧ್ರವಿಲ್ಲ, ಸಂದಿಯಿಲ್ಲ, ಕುದಿಯುವ ನೀರಿಗೆ ಹಾಕಿದರೆ ಆಯಿತು. ಬೆಳ್ಳಿಯದಾಗಲಿ ಸ್ಟೀಲಿನದಾಗಲಿ, ಅದನ್ನು ಓವನ್ನಿಗೆ ಮಾತ್ರ ಇಡಬೇಡಿ.

ದೊಡ್ಡವರ ಊಟಕ್ಕೆ ಈ ಯಂತ್ರ ಚೆನ್ನಾಗಿದೆ. ಬಸ್ಸಾರು, ಹುಳಿ, ಪಲ್ಯ ಪಿಂಗಾಣಿ ಬಟ್ಟಲಿನಲ್ಲಿ ಮುಚ್ಚಿ 2 ನಿಮಿಷ, ನಡುವೆ ಒಮ್ಮೆ ಕಲಕಿ, ಹೊಗೆಯಾಡುವಷ್ಟು ಬಿಸಿ ಮಾಡಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಾರ್ಸೆಲ್ ತಣ್ಣಗಾಗಿದ್ದರೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಹೊದಿಸಿ 30–40 ಸೆಕೆಂಡು. ಒಂದು ನಿಮಿಷ ದಾಟಿದರೆ ರಬ್ಬರು. ಮುದ್ದೆಗೆ ಇದು ಸೋಲುತ್ತದೆ. ಅಲೆ ಒಳಹೊಗುವುದು ಎರಡು ಮೂರು ಸೆಂಟಿಮೀಟರ್. ಮೇಲೆ ಸಿಪ್ಪೆ ಕಟ್ಟಿದರೂ ನಡುವೆ ತಣ್ಣಗೆ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿಯುವುದೇ ಮೇಲು. ರಾತ್ರಿಯೆಲ್ಲ ಹೊರಗಿದ್ದ ಅನ್ನವನ್ನು ಎಷ್ಟು ಕಾಯಿಸಿದರೂ ಬಡಿಸಬೇಡಿ, ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ಒಂದು ವಿಷ ಶಾಖಕ್ಕೆ ಬಗ್ಗುವುದಿಲ್ಲ. ಮಗುವಿನ ರಾಗಿ ಸರಿ ಗಟ್ಟಿಯಾದ್ದರಿಂದ ಗುಳ್ಳೆ ಒಡೆದು ಸಿಡಿಯುತ್ತದೆ. 15 ಸೆಕೆಂಡಿಗೊಮ್ಮೆ ತೆಗೆದು ತಳದವರೆಗೆ ಕಲಕಿ, 1 ನಿಮಿಷ ಬಿಟ್ಟು, ಬೇರೆ ಬಟ್ಟಲಿಗೆ ಹಾಕಿ, ನೀವು ರುಚಿ ನೋಡಿದ ಚಮಚ ಬಿಟ್ಟು ಇನ್ನೊಂದರಲ್ಲಿ ತಿನ್ನಿಸಿ.

ಪಾತ್ರೆ: ಗಾಜು, ಚಿನ್ನ, ಬೆಳ್ಳಿ ಬಣ್ಣದ ಅಂಚಿಲ್ಲದ ಪಿಂಗಾಣಿ. ಮೆಲಮೈನ್ ತಟ್ಟೆ, ಹೋಟೆಲಿನ ಸಾಂಬಾರ್ ಕವರು ಬೇಡ. ‘ಮೈಕ್ರೋವೇವ್ ಸೇಫ್’ ಎಂಬ ಮುದ್ರೆಯನ್ನು ನೆಚ್ಚಿ ಮಗುವಿನ ಊಟ ಪ್ಲಾಸ್ಟಿಕ್ಕಿನಲ್ಲಿ ಕಾಯಿಸಬೇಡಿ. ಡಬ್ಬಿ ಕರಗದಿದ್ದರೂ ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ ಕಾದಾಗ ಸೂಕ್ಷ್ಮ ಕಣ ಬಿಡುವುದನ್ನು 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು ಹಾಲಿನ ಬಾಟಲಿಗಳಲ್ಲೇ ತೋರಿಸಿದ್ದಾರೆ. ಆವಿ ಡಬ್ಬಿಯಲ್ಲಿಟ್ಟ ಬಾಟಲಿಗೂ ಈ ಮಾತು ಸಲ್ಲುತ್ತದೆ: ಆರಿದ ಮೇಲೆ, ಕುದಿಸಿ ಆರಿಸಿದ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ. ಸಾಧ್ಯವಾದರೆ ಗಾಜಿನ ಬಾಟಲಿಯನ್ನೇ ಕೊಳ್ಳಿ.

ಒಳಗೋಡೆಯಲ್ಲಿರುವ ಕಂದು ಮೈಕಾ ಹಾಳೆಗೆ ಸಾರು ಸಿಡಿದು ಒಣಗಿದರೆ ಅಲ್ಲೇ ಕಿಡಿ ಏಳುತ್ತದೆ. ಆಗಾಗ ಒರೆಸಿಡಿ. ಸುಟ್ಟು ತೂತಾಗಿದ್ದರೆ ಅಳತೆಗೆ ಕತ್ತರಿಸಿದ ಹೊಸ ಹಾಳೆ ಅಗ್ಗಕ್ಕೆ ಸಿಗುತ್ತದೆ. ಬಾಗಿಲು ಸೊಟ್ಟಗಾಗಿದ್ದರೆ, ಕೊಂಡಿ ಮುರಿದಿದ್ದರೆ, ಬಾಗಿಲು ತೆರೆದಾಗಲೂ ಯಂತ್ರ ನಿಲ್ಲದಿದ್ದರೆ ಆ ದಿನವೇ ಪ್ಲಗ್ ಕೀಳಿ. ಕವರ್ ಬಿಚ್ಚುವ ಕೆಲಸ ಮನೆಯವರದಲ್ಲ, ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ.