ನೈಟ್ರೇಟ್ ಸ್ಟ್ರಿಪ್: ಎರಡು ಮಳೆಗಾಲ ಬಳಸಿದ ಮೇಲೆ

ಹನ್ನೊಂದು ಹಸುಗಳ ಕೊಟ್ಟಿಗೆ ನಮ್ಮದು. ಕೊಟ್ಟಿಗೆ ಹಿಂದೆ ತಿಪ್ಪೆಗುಂಡಿ, ಅಲ್ಲಿಂದ ಮೂವತ್ತು ಹೆಜ್ಜೆ ಇಳಿದರೆ ಕುಡಿಯುವ ನೀರಿನ ಬಾವಿ. ನೀರು ತಿಳಿಯಾಗಿದೆ, ವಾಸನೆಯಿಲ್ಲ, ರುಚಿಯೂ ಕೆಟ್ಟಿಲ್ಲ. ಆದರೂ ಸೊಸೆ ಬಸುರಿ ಅಂತ ಗೊತ್ತಾದಾಗ ಮನಸ್ಸು ತಡೆಯಲಿಲ್ಲ, ನೈಟ್ರೇಟ್ (ನೀರಿನಲ್ಲಿ ಕರಗುವ ಸಾರಜನಕದ ಲವಣ) ಅಳೆಯುವ ಟೆಸ್ಟ್ ಸ್ಟ್ರಿಪ್‌ಗಳ ಒಂದು ಡಬ್ಬಿ ತರಿಸಿದೆ.

ಬಳಸುವುದು ಸುಲಭ. ಸ್ಟ್ರಿಪ್ಪನ್ನು ಒಂದು ಸೆಕೆಂಡ್ ಅದ್ದಿ, ಕೊಡವಿ, ಒಂದು ನಿಮಿಷ ಕಾಯಬೇಕು. ತುದಿಯ ಬಿಳಿ ಚೌಕ ಮೊದಲು ತಿಳಿಗುಲಾಬಿಯಾಗಿ, ನೈಟ್ರೇಟ್ ಹೆಚ್ಚಿದ್ದಷ್ಟೂ ನೇರಳೆಗೆ ತಿರುಗುತ್ತದೆ. ಡಬ್ಬಿಯ ಮೇಲೆ 10, 25, 50, 100, 250, 500 ಎಂದು ಬಣ್ಣದ ಮನೆಗಳಿವೆ. ನಮ್ಮ ಬಾವಿಯದು 50 ದಾಟಿ 100ರ ಹತ್ತಿರ ಹೋಗಿ ನಿಂತಿತು. ಬಣ್ಣ ಏರುತ್ತಾ ಹೋದ ಆ ಒಂದು ನಿಮಿಷ ನಾನು ಉಸಿರು ಬಿಗಿಹಿಡಿದಿದ್ದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಾದರೆ ಆರು ತಿಂಗಳೊಳಗಿನ ಕೂಸುಗಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ಹೋಗುವ ವಿಷವಲ್ಲ ಇದು; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ನೈಟ್ರೇಟ್ ಹೆಚ್ಚುತ್ತದೆ. ಅವತ್ತಿನಿಂದ ಕುಡಿಯಲು ಬೇರೆ ಕಡೆಯಿಂದ ನೀರು ಹೊತ್ತು ತರುತ್ತಿದ್ದೇವೆ. ನಂತರ ಪ್ರಯೋಗಾಲಯಕ್ಕೆ ಕೊಟ್ಟಾಗ 84 ಬಂತು. ಸ್ಟ್ರಿಪ್ ಸುಳ್ಳು ಹೇಳಿರಲಿಲ್ಲ.

ಎರಡನೇ ಡಬ್ಬಿ ಬೇರೆ ಕಂಪನಿಯದು. ಅದೇ ನೀರಿಗೆ ಅದು ಸುಮಾರು 20 ತೋರಿಸಿತು. ಮನೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ಸಂಜೆ ಡಬ್ಬಿ ತಿರುಗಿಸಿ ಓದಿದರೆ ಇರುವೆ ಗಾತ್ರದ ಅಕ್ಷರದಲ್ಲಿ ‘ನೈಟ್ರೇಟ್ ರೂಪದ ಸಾರಜನಕ’ ಎಂದಿತ್ತು. ಅಂದರೆ ನೈಟ್ರೇಟಿನೊಳಗಿನ ಸಾರಜನಕವನ್ನಷ್ಟೇ ಎಣಿಸುವ ಲೆಕ್ಕ. ಆ ಲೆಕ್ಕದ ಸಂಖ್ಯೆಯನ್ನು 4.43ರಿಂದ ಗುಣಿಸಿದರೆ ನೈಟ್ರೇಟ್ ಲೆಕ್ಕ ಸಿಗುತ್ತದೆ. 20 ಅಂದರೆ ಸುಮಾರು 89. ಆ ಲೆಕ್ಕದಲ್ಲಿ ಮಿತಿಯೂ 50 ಅಲ್ಲ, 11. ಇದನ್ನು ದಪ್ಪಕ್ಷರದಲ್ಲಿ ಮುಂದೆಯೇ ಅಚ್ಚುಹಾಕಬೇಕಿತ್ತು. ಕೂಸಿರುವ ಮನೆಯಲ್ಲಿ ಈ ತಪ್ಪು ಆಗಬಾರದು. ಕೊಳ್ಳುವಾಗ ಬೇರೇನೂ ನೋಡದಿದ್ದರೂ ಇದನ್ನು ನೋಡಿ.

ಇನ್ನೊಂದು ವಿಷಯ. ಗಂಜಲಕ್ಕೆ ನೀರು ಬೆರೆಸಿ ಸ್ಟ್ರಿಪ್ ಅದ್ದಿದ್ದೆ, ಬಣ್ಣವೇ ಬರಲಿಲ್ಲ. ಹಾಗಾದರೆ ತಪ್ಪು ತಿಪ್ಪೆಯದಲ್ಲ ಅಂದುಕೊಂಡೆ. ಆದರೆ ಹಸಿ ಸಗಣಿ, ಗಂಜಲದ ಸಾರಜನಕ ಹೆಚ್ಚಾಗಿ ಯೂರಿಯಾ, ಅಮೋನಿಯಂನಂಥ ಬೇರೆ ರೂಪಗಳಲ್ಲಿರುತ್ತದೆ. ಮಣ್ಣಿಗೆ ಇಳಿದ ಮೇಲೆ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮಣ್ಣು ಹಿಡಿದಿಡುವುದಿಲ್ಲ, ಮಳೆನೀರಿನ ಜೊತೆ ಕೆಳಕ್ಕೆ ಜಾರುತ್ತದೆ. ಗುಂಡಿಯಲ್ಲಿ ಕಾಣದ್ದು ಬಾವಿಯಲ್ಲಿ ಕಾಣುವುದು ಹಾಗೆ.

ಸಗಣಿಯಿಂದ ಬರುವ ರೋಗಾಣುಗಳು ಈ ಸ್ಟ್ರಿಪ್‌ಗೆ ಗೊತ್ತಾಗುವುದಿಲ್ಲ. ಕೊಚ್ಚಿಹೋಗುವ ಮಣ್ಣಿನೊಡನೆ ಕೆರೆ ಸೇರಿ ಪಾಚಿ ಬೆಳೆಸುವ ರಂಜಕವೂ ಅಷ್ಟೇ. ಟ್ಯೂಬ್‌ಲೈಟಿನಲ್ಲಿ 25 ಯಾವುದು, 50 ಯಾವುದು ಹೇಳುವುದು ಕಷ್ಟ. ಹಗಲ ಬೆಳಕಿನಲ್ಲೇ ನೋಡಿ. ಮುಚ್ಚಳ ಸಡಿಲವಾಗಿ ತೇವ ತಗುಲಿದರೆ ಡಬ್ಬಿ ಪೂರ್ತಿ ಹಾಳು.

ಇಷ್ಟಾದರೂ ಇದನ್ನು ಕೊಳ್ಳಿ ಎಂದೇ ಹೇಳುತ್ತೇನೆ. ಆ ನೇರಳೆ ಬಣ್ಣ ನೋಡಿದ ಮೇಲೆಯೇ ತಿಪ್ಪೆಗುಂಡಿಯನ್ನು ಬಾವಿಯಿಂದ ದೂರಕ್ಕೆ ಸಾಗಿಸಿ, ತಳಕ್ಕೆ ಕಾಂಕ್ರೀಟ್ ಹಾಕಿ, ಮೇಲೆ ಚಾವಣಿ ಕಟ್ಟಿದೆವು. ಕೊಟ್ಟಿಗೆ ಮಾಡಿನ ನೀರು ಸಗಣಿಗೆ ತಾಗದಂತೆ ದೋಣಿ ಕಟ್ಟಿಸಿದೆವು. ಮೋಡ ಕವಿದ ದಿನ ಈಗ ಗದ್ದೆಗೆ ಸ್ಲರಿ (ನೀರು ಬೆರೆಸಿದ ಸಗಣಿ) ಬಿಡುವುದಿಲ್ಲ. ಪೈರು ಏಳುವ ಹೊತ್ತಿಗೆ ಸ್ವಲ್ಪಸ್ವಲ್ಪವೇ ಕೊಡುತ್ತೇವೆ. ನೆಲದಡಿಯ ನೀರು ಬದಲಾಗುವುದು ನಿಧಾನ. ಈ ಮಳೆಗಾಲ ಮುಗಿದಾಗ ಬಣ್ಣ 25 ಮತ್ತು 50ರ ನಡುವೆ ಇತ್ತು.

ಮೊಮ್ಮಗಳಿಗೆ ಈಗ ಒಂಬತ್ತು ತಿಂಗಳು. ಸ್ಟ್ರಿಪ್ 25ರ ಕೆಳಗೆ ಬಂದು, ರೋಗಾಣು ಪರೀಕ್ಷೆಯೂ ಆಗುವವರೆಗೆ ಅವಳಿಗೆ ಬಾವಿ ನೀರು ಕೊಡುವುದಿಲ್ಲ.